ಎರಡನೇ ಗೇಟಿನ ರಿಜಿಸ್ಟರ್

ಮಾರ್ಚ್ ಮೂವತ್ತೊಂದು, ರಾತ್ರಿ ಹನ್ನೊಂದು ನಲವತ್ತು.
ಒಂದೊಂದು ಮೂವತ್ತೆಂಟು ಟನ್ನಿನ ಎಂಟು ಕವಚದ ಗಾಡಿ
ಟ್ರೇಲರಿನ ಮೇಲೆ ಸಾಲಾಗಿ ಹೊರಗೆ ಬಿಟ್ಟೆ.
ಕೈ ನನ್ನದು, ಸಹಿ ನನ್ನದು, ನೀಲಿ ಶಾಯಿಯೂ ನನ್ನದೇ.
ಎಂಟಕ್ಕೂ ಎಂಜಿನ್ ಇಲ್ಲ.
ಅದನ್ನು ಬರೆಯಲು ಪುಸ್ತಕದಲ್ಲಿ ಕಾಲಮ್ಮೂ ಇಲ್ಲ.

ರಸ್ತೆ ದಾಟಿ, ಸೈನೈಡ್ ದಿಬ್ಬದ ಬೆನ್ನಿಗೆ ಸುತ್ತು ಹಾಕಿ,
ಆಂಡರ್ಸನ್‌ಪೇಟೆಯ ನಾಯಿಗಳನ್ನೆಲ್ಲ ಎಬ್ಬಿಸಿ,
ಎರಡೂವರೆಗೆ ನಾಲ್ಕನೇ ಗೇಟಿನಿಂದ ಒಳಗೆ ಬಂದವು.
ಆ ರಾತ್ರಿ ಎರಡೂ ಗೇಟು ನನಗೇ.
ಅಷ್ಟರಲ್ಲಿ ತಾರೀಖು ಬದಲಾಗಿತ್ತು,
ಲೆಕ್ಕದ ವರ್ಷ ಬದಲಾಗಿತ್ತು,
ಹಣ ವಾಪಸು ಹೋಗುವುದು ತಪ್ಪಿತ್ತು.
ಪೂರೈಕೆಯಾಗಿದೆ ಎಂದು ದೆಹಲಿಗೆ ಕಾಗದ ಹೋಯಿತು.
ಗಾಡಿಗಳು ಹಿಂದಿನ ಅಂಗಳದಲ್ಲಿ ಟಾರ್ಪಾಲು ಹೊದ್ದು
ಎಕ್ಕದ ಗಿಡಗಳ ನಡುವೆ ಮಲಗಿದವು.

ನನ್ನ ತಾತ ಚಾಂಪಿಯನ್ ರೀಫಿನ ಗಣಿಗೆ ಇಳಿಯುತ್ತಿದ್ದ.
ಪಾಳಿ ಮುಗಿಸಿ ಮೇಲೆ ಬಂದವನ
ಬಾಯಿ ತೆರೆಸಿ, ನಾಲಗೆ ಎತ್ತಿಸಿ,
ಕೂದಲು ಕೊಡವಿಸಿ, ಲಂಗೋಟಿ ಬಿಚ್ಚಿಸಿ ನೋಡುತ್ತಿದ್ದರಂತೆ,
ಸಾಸಿವೆಯಷ್ಟು ಹೊಳಪೂ ಹೊರಗೆ ಹೋಗಬಾರದೆಂದು.
ಒಮ್ಮೆ ದವಡೆಯಲ್ಲಿ ಸಿಕ್ಕಿದ್ದು ಅಡಿಕೆಯ ಚೂರು;
ಅದಕ್ಕೂ ಅರ್ಧ ದಿನದ ಕೂಲಿ ಹಿಡಿದರು.
ಅದೇ ಊರಲ್ಲಿ ಮುನ್ನೂರ ನಾಲ್ಕು ಟನ್ನು
ಹೊರಗೆ ಹೋಗಿ ಒಳಗೆ ಬಂತು,
ಕೆಮ್ಮಿದವರೂ ಇಲ್ಲ.

ಸಂಸತ್ತಿನ ಸಮಿತಿ ಬಂದದ್ದು ಆಗಸ್ಟಿನಲ್ಲಿ.
ಹದಿನೊಂದು ಮಂದಿ, ಹದಿನೊಂದು ಹಳದಿ ಹೆಲ್ಮೆಟ್ಟು,
ಗೋಡಂಬಿಯ ತಟ್ಟೆ, ಗೋಡೆಯ ಮೇಲೆ
ವರ್ಷ ವರ್ಷ ಎತ್ತರವಾಗುವ ಕಂಬಗಳ ಚಿತ್ರ.
ಎಂಟರಲ್ಲೊಂದಕ್ಕೆ ನಂಬರು ಅಳಿಸಿ, ಹೊಸ ಬಣ್ಣ ಬಳಿದು,
ಅದರ ಮುಂದೆ ಫೋಟೊ.
ಹಸಿ ಬಣ್ಣ ಅಧ್ಯಕ್ಷರ ಬಿಳಿ ತೋಳಿಗೆ ಹತ್ತಿತು;
ಸೀಮೆಎಣ್ಣೆ ಹುಡುಕಲು ಜನರಲ್ ಮ್ಯಾನೇಜರೇ ಓಡಿದರು.

ಸಾಲಿನ ಕೊನೆಗೆ ಒಬ್ಬಾಕೆ, ಮಂಡಿನೋವಿನ ನಡಿಗೆ.
ಬೇಡವೆಂದರೂ ಏಣಿ ಹತ್ತಿ, ಮುಚ್ಚಳ ತೆಗೆಸಿ, ಬಗ್ಗಿದರು.
ಒಳಗೆ ಕೂರುವ ಹುಡುಗ ಎಷ್ಟೆತ್ತರ ಇರಬಹುದು,
ಬೆಂಕಿ ಹತ್ತಿದರೆ ಯಾವ ಕಡೆಯಿಂದ ಹೊರಬರುತ್ತಾನೆ, ಎಂದರು.
ವೆಲ್ಡರ್ ಇರುದಯರಾಜ್ ತೋರಿಸಿದ.
ಆಮೇಲೆ ಎಂಜಿನ್ ಇರಬೇಕಾದ ಜಾಗಕ್ಕೆ ಕೈ ಇಳಿಬಿಟ್ಟು
ಸುಮ್ಮನೆ ನಿಂತರು.
ಒಳಗೆ ತಣ್ಣಗಿದ್ದಿರಬೇಕು.

ಹೊರಡುವಾಗ ಗೇಟಿನಲ್ಲಿ ಕಾರು ನಿಲ್ಲಿಸಿದರು.
"ಹೋದದ್ದರ ಪುಸ್ತಕ ಬೇಡಪ್ಪ, ಅದು ನೋಡಿದ್ದೇವೆ.
ಬಂದದ್ದರ ಪುಸ್ತಕ ಕೊಡು."
ಸೆಕ್ಯುರಿಟಿ ಆಫೀಸರ ಕಣ್ಣು ನನ್ನ ಕತ್ತಿನ ಮೇಲೆ.
ಖಾಲಿ ಬಿಡು ಎಂದಿದ್ದರು ಆ ರಾತ್ರಿಯ ಹಾಳೆಯನ್ನು.
ಬಿಟ್ಟಿದ್ದೆ. ಆದರೆ ಹಾಲಿನ ವ್ಯಾನಿನ ಸಾಲಿನ ಕೆಳಗೆ
ಪೆನ್ಸಿಲ್ಲಿನಲ್ಲಿ ಎಂಟು ನಂಬರು,
ಇರುವೆಯ ಕಾಲಿನಷ್ಟು ಸಣ್ಣಗೆ.
ಯಾಕೆ ಬರೆದೆನೋ. ಧೈರ್ಯಕ್ಕಂತೂ ಅಲ್ಲ.
ಬಂದದ್ದನ್ನು ಬರೆಯದಿದ್ದರೆ ನಿದ್ದೆ ಹತ್ತದ ಕೆಲಸ ಇದು.

ಆಕೆ ಹಾಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿದರು.
ಸೀಸ ಒಂದು ಗಳಿಗೆ ಹೊಳೆಯಿತು,
ಸಾಸಿವೆಯಷ್ಟು.

ಚಳಿಗಾಲದ ವರದಿಯಲ್ಲಿ ಒಂದು ಪ್ಯಾರಾ:
ಸಮಿತಿಗೆ ಇದು ಸರಿಕಾಣಲಿಲ್ಲ.
ಅದರ ಕೆಳಗೆ ಇಲಾಖೆಯ ಉತ್ತರ:
ಗಮನಿಸಲಾಗಿದೆ.

ನನ್ನನ್ನು ಕ್ಯಾಂಟೀನಿಗೆ ಹಾಕಿದ್ದಾರೆ.
ಎಂಟರಲ್ಲಿ ಮೂರಕ್ಕೆ ಎಂಜಿನ್ ಬಂತಂತೆ;
ನಿನ್ನೆ ರಾತ್ರಿ ನೆಲ ನಡುಗಿಸುತ್ತ, ಯಾರೂ ಎಳೆಯದೆ,
ತಾವಾಗಿಯೇ ಹೋದವು.
ಸಾಂಬಾರಿನ ಹಬೆಯಲ್ಲಿ ಕಿಟಕಿಗೆ ಕಿವಿಯಿಟ್ಟು
ಒಂದು, ಎರಡು, ಮೂರು ಎಂದೆ.
ಐದು ಇನ್ನೂ ಎಕ್ಕದಲ್ಲಿವೆ.

ಇವತ್ತು ಚಮಚ ಎರಡು ಕಮ್ಮಿ.
ಬರೆದಿದ್ದೇನೆ, ಶಾಯಿಯಲ್ಲಿ.