ಅಂಚಿಗೆ ಸರಿದ ಒಲೆ

ಮೊದಲು ನಡುವೆ ಒಂದು ಕೆಂಪು ಚೌಕ.
ಅದು ಒಲೆ, ಅಂದಿದ್ದಳು ಅಜ್ಜಿ ಡೆಲ್ಫಿಯಾ
ಬೆರಳಿಗೆ ಹಿತ್ತಾಳೆಯ ಅಂಗುಸ್ತಾನ ಏರಿಸುತ್ತ.
ಅದರ ಸುತ್ತ ಪಟ್ಟಿಗೆ ಪಟ್ಟಿ ತಾಗಿಸು,
ದಿಮ್ಮಿಯ ಮೇಲೆ ದಿಮ್ಮಿ ಪೇರಿಸಿದ ಹಾಗೆ;
ಒಂದು ಮಗ್ಗುಲಿಗೆ ಬೆಳಕು, ಇನ್ನೊಂದಕ್ಕೆ ನೆರಳು.
ಇಷ್ಟೇ. ದಿಮ್ಮಿಮನೆ ಇದರ ಹೆಸರು.
ಕೆಂಟಕಿಯ ಈ ಕಣಿವೆಯಲ್ಲಿ
ಮದುವೆಯಾದವರೆಲ್ಲ ಇದರಡಿ ಮಲಗಿದ್ದಾರೆ,
ಸತ್ತವರಲ್ಲೂ ಕೆಲವರು.

ಅವಳ ಕಾಲದ ಚಿಂದಿಗೆ ಊರೆಲ್ಲ ಗೊತ್ತಿತ್ತು:
ಕೋಳಿಕಾಳಿನ ಚೀಲ, ಅಪ್ಪನ ಗಣಿ ಅಂಗಿ,
ಪಾದ್ರಿಯ ಹೆಂಡತಿ ದಪ್ಪಗಾಗಿ ಬಿಟ್ಟುಕೊಟ್ಟ ಲಂಗ.

ನಾನು ಶಾಲೆಯ ಬಸ್ಸು ಓಡಿಸುವವಳು.
ಐದೂವರೆಗೆ, ಎಂಜಿನ್ನು ಬಿಸಿಯಾಗುವಷ್ಟರಲ್ಲಿ
ಹಿಂದಿನ ಸೀಟಿನಲ್ಲಿ ಕೂತು ಬಟ್ಟೆ ಕತ್ತರಿಸುತ್ತೇನೆ.
ಬಣ್ಣದ ಕೆಲಸ ಶನಿವಾರ.
ಅಕ್ರೋಟಿನ ಹಸಿ ಸಿಪ್ಪೆ ಕೊಳೆತ ಬಕೆಟ್ಟು;
ಆ ಕಂದು, ಬಟ್ಟೆಗಿಂತ ಮೊದಲು ಉಗುರಿಗೆ ಹತ್ತುತ್ತದೆ.
ನೀಲಿಯ ಪೀಪಾಯಿ, ಅದರದು ಬೇರೆಯೇ ಸಿಟ್ಟು:
ಮುಚ್ಚಳ ತೆಗೆದರೆ ಕೊಟ್ಟಿಗೆಯ ನಾತ,
ಬಟ್ಟೆ ಹಸಿರಾಗಿ ಮೇಲೆದ್ದು
ಗಾಳಿ ಕುಡಿದು, ನೋಡನೋಡುತ್ತ ನೀಲಿ.

ಮೂರನೆಯದು ನಾನೇ ಕಂಡುಕೊಂಡದ್ದು.
ಮುಚ್ಚಿದ ಗಣಿಯ ಬಾಯಿಂದ ಇಳಿಯುವ ತೊರೆ
ಕಿತ್ತಳೆ; ಮೀನಿಲ್ಲ, ಕಪ್ಪೆಯಿಲ್ಲ,
ಕಲ್ಲಿಗೆಲ್ಲ ತುಕ್ಕಿನ ತೊಗಲು.
ಅಪ್ಪನ ಉಸಿರು ಎಲ್ಲಿ ಉಳಿಯಿತೋ
ಅಲ್ಲಿಂದಲೇ ಬರುತ್ತದೆ ಈ ನೀರು.
ಹತ್ತಿಬಟ್ಟೆ ಅದ್ದಿ ತೆಗೆದಾಗ
ಇದು ಬಣ್ಣವೋ ಕಲೆಯೋ ತಿಳಿಯದೆ
ಒಗೆದೆ. ಹೋಗಲಿಲ್ಲ. ಮತ್ತೆ ಒಗೆದೆ.
ಹೋಗದ ಮೇಲೆ ಬಣ್ಣವೇ ಸರಿ.

ಜುಲೈಯ ಒಂದು ರಾತ್ರಿ ಹೊಳೆ ಏರಿದಾಗ
ಕಾಡಿಲ್ ಅವರ ಮನೆ ತಳಪಾಯ ಬಿಟ್ಟೆದ್ದು
ಕಿಟಕಿಯಲ್ಲಿ ಲಾಟೀನು ಉರಿಯುತ್ತಲೇ ತೇಲಿಹೋಯಿತು,
ಸೇತುವೆಗೆ ಬಡಿದು ವಾರೆಯಾಗಿ ನಿಂತಿತು.
ಒಲೆ ಮಾತ್ರ ಮೈಲಾಚೆ, ಜೋಳದ ಹೊಲದಲ್ಲಿ,
ಬಾಗಿಲು ತೆರೆದುಕೊಂಡು, ಒಳಗೆ ಕೆಸರು.

ಆಮೇಲೆ ನನ್ನ ಕೈ
ಕೆಂಪು ಚೌಕವನ್ನು ನಡುವೆ ಇಡಲು ಒಪ್ಪಲಿಲ್ಲ.

ಹಾಗಾಗಿ ಈ ಕೌದಿ:
ಮನೆಗಳು ವಾರೆ, ಪಟ್ಟಿಗಳು ಸೊಟ್ಟ,
ಇಲ್ಲಿ ಎರಡು ಬೆರಳು, ಅಲ್ಲಿ ಗೇಣು;
ನಲವತ್ತೆರಡು ಚೌಕದಲ್ಲಿ ಮೂವತ್ತೊಂದಕ್ಕೆ ಒಲೆಯೇ ಇಲ್ಲ,
ಉಳಿದವು ಅಂಚಿಗೆ ಸರಿದಿವೆ,
ಒಂದು ಅಂಚನ್ನೂ ದಾಟಿ ಹಿಂಬದಿಗೆ ಹೋಗಿದೆ.
ನಡುವೆ ಹರಿಯುವುದು ಗಣಿಯ ಕಿತ್ತಳೆ.

ಬುಧವಾರ ಚರ್ಚಿನ ನೆಲಮಾಳಿಗೆಯಲ್ಲಿ ಹಾಸಿದೆ.
ಏಳು ಮುದುಕಿಯರು, ಒಂದು ಕಾಫಿ ಯಂತ್ರ.
ಓಪಲ್ ಸ್ಟಿಡಮ್ ಕನ್ನಡಕ ಒರೆಸಿ, ಹಾಕಿ, ಮತ್ತೆ ಒರೆಸಿದಳು.
"ಮನೇಲಿ ಅಳತೆಪಟ್ಟಿ ಇರಲಿಲ್ವೇನೆ?"
ಯಾರೋ ನಕ್ಕರು. ನಾನೂ ನಕ್ಕೆ, ಬೇಕಿರಲಿಲ್ಲ.

ಆರ್ಲೀನ್ ಕಾಡಿಲ್ ನಗಲಿಲ್ಲ.
ಎದ್ದು ಬಂದು, ಏನೂ ಹೇಳದೆ,
ಕೌದಿಯ ಮೂಲೆ ಹಿಡಿದು ಮಗುಚಿದಳು.
ನಮ್ಮಲ್ಲಿ ಹಾಗೇ. ಮುಖ ಯಾರು ಬೇಕಾದರೂ ನೋಡುತ್ತಾರೆ,
ಹೊಲಿಯುವವರು ಬೆನ್ನು ನೋಡುತ್ತಾರೆ.
ಹೊಲಿಗೆಯ ಸಾಲಿನ ಮೇಲೆ ಹೆಬ್ಬೆರಳು ಎಳೆದಳು,
ಅಂಗುಲಕ್ಕೆ ಎಷ್ಟೆಂದು ತುಟಿಯಲ್ಲೇ ಎಣಿಸಿದಳು,
ಹತ್ತು, ಹತ್ತು, ಒಂಬತ್ತು, ಹತ್ತು;
ಹಿಂಬದಿಗೆ ದಾಟಿದ ಆ ಒಂದು ಕೆಂಪಿನ ಮೇಲೆ
ಬೆರಳು ನಿಂತಿತು.

"ಇದು ಜೋಳದ ಹೊಲ," ಅಂದಳು.
ಕೇಳಿದ್ದಲ್ಲ.

ಕುರ್ಚಿ ಎಳೆದುಕೊಂಡು ಕೂತು,
"ಇಲ್ಲಿ ಒಂಬತ್ತಾಗಿದೆ, ಬಿಚ್ಚು," ಎಂದು ಗದರಿ
ತಾನೇ ಸೂಜಿಗೆ ದಾರ ಪೋಣಿಸಲು ತೊಡಗಿದಳು.
ಎಂಬತ್ತೊಂದರ ಕಣ್ಣು. ಮೂರು ಸಲ ತಪ್ಪಿತು.
ನಾಲ್ಕನೆಯ ಸಲವೂ.
ಯಾರೂ ಸಹಾಯಕ್ಕೆ ಹೋಗಲಿಲ್ಲ.
ಮಾಡಿನ ಮೇಲೆ ಯಾರೋ ಪಿಯಾನೋದ ಶ್ರುತಿ ಸರಿಪಡಿಸುತ್ತಿದ್ದರು,
ಒಂದೇ ಸ್ವರ, ಮತ್ತೆ ಮತ್ತೆ.