ಏಳು ವರ್ಷದ ಬಾಡಿಗೆ

ಜನವರಿ. ಡುಲೂತ್ ಬಂದರಿನಲ್ಲಿ ಕಡೆಯ ಅದಿರು ಹಡಗೂ
ಲಂಗರು ಹಾಕಿದೆ. ಸರೋವರದ ಅಂಚು ಗಾಜಾಗಿದೆ.
ವೇಯ್ನ್ ಕಿವೆಲಾ ಕಾಫಿ ಲೋಟಗಳನ್ನು ಸರಿಸಿ
ಅಡುಗೆಮನೆಯ ಮೇಜಿನ ಮೇಲೆ ಪೆಟ್ಟಿಗೆ ಇಟ್ಟ. ಮೂರು ಚಿಲಕ.
ಮೂರನೆಯದಕ್ಕೆ ಸ್ಕ್ರೂಡ್ರೈವರ್ ಬೇಕಾಯಿತು.

ಒಳಗೆ ಕಪ್ಪಗೆ ಮಲಗಿತ್ತು ಗಿಟಾರು.
ಮರದ ಎಳೆಯಿಲ್ಲ, ಗಂಟಿಲ್ಲ, ವಾಸನೆಯಿಲ್ಲ;
ಬೆಳಕಿಗೆ ಓರೆ ಹಿಡಿದರೆ ಮಾತ್ರ
ಚಾಪೆಯಂಥ ಒಂದು ಹೆಣಿಗೆ.
ಕಾರ್ಬನ್ ಫೈಬರ್.
ಇಪ್ಪತ್ತು ವರ್ಷ ಹಡಗಿನಲ್ಲಿ ಅಡುಗೆ ಮಾಡಿದವನು ಹೇಳಿದ:
"ಮರದ್ದು ಎರಡು ಒಯ್ದಿದ್ದೆ. ಒಂದರ ಹೊಟ್ಟೆ ಉಬ್ಬಿತು,
ಒಂದರ ಬೆನ್ನು ಸೀಳಿತು. ಇದಕ್ಕೆ
ಸೂಪಿನ ಹಬೆಯೂ ಒಂದೇ, ಡೆಕ್ಕಿನ ಹಿಮವೂ ಒಂದೇ."

ಗೊತ್ತು ನನಗೆ. ಇಲ್ಲಿ ಹೀಟರ್ ಹಾಕಿದ ಮೊದಲ ಚಳಿಗಾಲದಲ್ಲೇ
ನನ್ನ ತಂಬೂರಿಯ ಬುರುಡೆ ನಡುರಾತ್ರಿ ಬಿರಿದದ್ದು
ಮನೆಯಲ್ಲಿ ಯಾರೋ ಲಟಿಕೆ ಮುರಿದ ಹಾಗೆ ಕೇಳಿತ್ತು.

ಆದರೂ ಬೆಲೆ ಬೆಲೆಯೇ.
ನನ್ನ ಕಸುಬೇ ಅದು: ಗುದ್ದಿಸಿಕೊಂಡ ಕಾರಿಗೆ ಒಂದು ಸುತ್ತು ಬಂದು
ವಿಮೆಯವರಿಗೆ ಒಂದು ಅಂಕಿ ಬರೆದುಕೊಡುವುದು.
"ಹದಿನೇಳು ನೂರು ಜಾಸ್ತಿಯಾಯಿತು," ಎಂದೆ.

ಅವನು ಬೆರಳು ಮಡಿಚಿದ.
"ಹೊಸದಕ್ಕೆ ಮೂರು ಸಾವಿರ ಕೊಟ್ಟವನು ಸೇತುವೆಯಾಚೆಯ ದಂತವೈದ್ಯ.
ಅಂಗಡಿ ಹೊಸಿಲು ದಾಟುತ್ತಲೇ ಸಾವಿರ ಹೋಯಿತು,
ಒಂದು ಹಾಡು ಬರುವ ಮೊದಲೇ.
ನಾನು ಕೊಟ್ಟದ್ದು ಹತ್ತೊಂಬತ್ತು ನೂರು. ಏಳು ವರ್ಷ ನುಡಿಸಿದೆ.
ನಿಮಗೆ ಹದಿನೇಳು. ಎಷ್ಟಾಯಿತು? ಇನ್ನೂರು.
ಏಳು ವರ್ಷದ ಬಾಡಿಗೆ, ಅಷ್ಟೆ.
ನಿಮ್ಮ ಹಿಂದೆಯೂ ಒಬ್ಬ ಬರುತ್ತಾನೆ. ನಿಧಾನ ಬರುತ್ತಾನೆ."

ನಾನೂ ವಾರಗಟ್ಟಲೆ ಹಳೆಯ ಮಾರಾಟಗಳ ದರ ಕೂಡಿ ಕಳೆದು
ಕಂಡುಕೊಂಡದ್ದು ಇಷ್ಟೇ:
ಮರದ್ದಾದರೆ ಮುದಿಯಾಗುತ್ತ ದನಿ ಬಿಚ್ಚುತ್ತದೆ ಎನ್ನುತ್ತಾರೆ,
ಯಾರು ನುಡಿಸಿದರು ಎಂಬ ಕತೆಗೂ ಕಾಸು ಸಿಗುತ್ತದೆ.
ಇದಕ್ಕೆ ವಯಸ್ಸಾಗುವುದಿಲ್ಲ. ಆದ್ದರಿಂದ ಏರುವುದೂ ಇಲ್ಲ.
ಒಮ್ಮೆ ದಬದಬ ಇಳಿದು, ಮತ್ತೆ ಇಳಿಯಲೊಲ್ಲದೆ
ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಡುತ್ತದೆ.

ಜೇಬಿನಿಂದ ಕಾಲು ಡಾಲರಿನ ನಾಣ್ಯ ತೆಗೆದೆ.
ತೆಂಗಿನಕಾಯಿ ಕೊಳ್ಳುವವರ ಹಾಗೆ ಕಿವಿಯಿಟ್ಟು
ಮೈಯುದ್ದ ಬಡಿಯುತ್ತ ಹೋದೆ:
ಟಣ್, ಟಣ್, ಟಣ್, ಟಣ್,
ಕೆಳಬದಿಯ ಬಾಗಿನಲ್ಲಿ, ಹೆಬ್ಬೆಟ್ಟಿನಗಲ,
ದಬ್.

ಇಬ್ಬರಿಗೂ ಕೇಳಿಸಿತು.
ಒಳಗೆ ಪದರು ಬಿಟ್ಟಿದೆ ಎಂದು ನಾನು ಹೇಳಲಿಲ್ಲ.
ಅವನು ಮೊಣಕೈ ಮುಟ್ಟಿಕೊಂಡ. "ವೈಟ್‌ಫಿಶ್ ಕೊಲ್ಲಿ. ನವೆಂಬರ್.
ಕಡಾಯಿ, ನಾನು, ಇದು, ಮೂವರೂ ಒಟ್ಟಿಗೆ ಬಿದ್ದೆವು.
ಮರೆತಿದ್ದೆ," ಎಂದ.
ಆಮೇಲೆ, "ಮರೆತಿರಲಿಲ್ಲ."
ಆಮೇಲೆ, ನಾನು ಬಾಯಿ ತೆರೆಯುವ ಮುನ್ನ,
"ಹದಿನೈದೂವರೆ ನೂರು."

ಚೌಕಾಸಿಗೆಂದು ದಾರಿಯುದ್ದಕ್ಕೂ ಹೊಂದಿಸಿ ತಂದ ಮಾತೆಲ್ಲ
ನಾಲಿಗೆಯ ಕೆಳಗೇ ಉಳಿಯಿತು.
ನೂರರವು ಹದಿನೈದು, ಐವತ್ತರದೊಂದು.
ಅವನು ಎಣಿಸಲಿಲ್ಲ. ಪೆಟ್ಟಿಗೆ ಮುಚ್ಚಿ,
ಆ ಸ್ಕ್ರೂಡ್ರೈವರನ್ನೂ ನನ್ನ ಕೈಗೆ ಕೊಟ್ಟ.

ಮನೆಗೆ ತಂದು ಮೀಟಿದೆ.
ದಪ್ಪ ತಂತಿ ಎರಡು ಮನೆ ಕೆಳಗಿತ್ತು.
ಜಾರಿದ್ದಲ್ಲ; ಬೇಕೆಂದೇ ಇಳಿಸಿ ಕಟ್ಟಿದ್ದು,
ನನಗೆ ಬಾರದ ಯಾವುದೋ ಹಾಡಿಗೆ.
ಸೊನ್ನೆಗಿಂತ ಇಪ್ಪತ್ತು ಕೆಳಗಿನ ಚಳಿಯಲ್ಲಿ
ಕಾರಿನ ಡಿಕ್ಕಿಯಲ್ಲಿ ಕುಲುಕಿ ಬಂದರೂ
ಅವನ ಕಡೆಯ ಶ್ರುತಿ ಕೂದಲೆಳೆಯಷ್ಟೂ ಅಲುಗಿರಲಿಲ್ಲ.

ಬಿರಡೆಯ ಮೇಲೆ ಬೆರಳಿಟ್ಟು ಇವತ್ತಿಗೆ ಒಂಬತ್ತು ದಿನ.
ಕಸುಬಿನ ಚಟ: ಈಗಲೇ ಮಾರಿದರೆ ಎಷ್ಟಕ್ಕೆ ಹೋದೀತು?
ಆ ಹೆಬ್ಬೆಟ್ಟಿನಗಲಕ್ಕೆ ನೂರೈವತ್ತು ಕಳೆಯಬಲ್ಲೆ.
ಈ ಇಳಿದ ತಂತಿಯನ್ನು ಯಾವ ಕಾಲಮ್ಮಿಗೆ ಹಾಕಲಿ?
ಸದ್ಯ ಅದನ್ನೊಂದನ್ನೇ ಮೀಟುತ್ತ ಕೂತಿದ್ದೇನೆ.
ಒಡೆದ ತಂಬೂರಿಯ ಷಡ್ಜಕ್ಕೆ ಅದು
ಹೆಚ್ಚೂಕಡಿಮೆ ಹತ್ತಿರ.