ಸೂಜಿ ಚುಚ್ಚಿದವರ ಪುಸ್ತಕ

ಕಪಾಟಿನ ಮೇಲರೆಯಲ್ಲಿ, ಗ್ಲೌಸಿನ ಪೆಟ್ಟಿಗೆಗಳ ಹಿಂದೆ
ಒಂದು ಉದ್ದ ಪುಸ್ತಕ, ಕೆಂಪು ಬೈಂಡು.
ತಾರೀಕು, ಹೆಸರು, ಯಾವ ವಾರ್ಡು, ಯಾವ ಬೆರಳು, ಯಾರ ರಕ್ತ:
ಸ್ಕೇಲು ಹಿಡಿದು ಗೆರೆ ಎಳೆದವಳು ನಾನೇ.
ಏಳು ತಿಂಗಳು ಅದರಲ್ಲಿ ಬರೆದದ್ದು ಸೊನ್ನೆ.
ಮೀಟಿಂಗಿನಲ್ಲಿ ಆ ಸೊನ್ನೆಗೆ ಚಪ್ಪಾಳೆ ಬಿತ್ತು,
ಚಹಾ ಬಂತು, ಗೋಡಂಬಿ ಬಿಸ್ಕಿಟು ಬಂತು.
ನಾನೂ ತಟ್ಟಿದೆ.

ಕಾರವಾರದ ಮಧ್ಯಾಹ್ನ. ಕಿಟಕಿಯಿಂದ ಉಪ್ಪುಗಾಳಿ,
ಮಂಚದ ಕಾಲುಗಳಿಗೆಲ್ಲ ತುಕ್ಕಿನ ಗೆಜ್ಜೆ.
ಶೇವಂತಿ ಹರಿಕಂತ್ರ ಹಳದಿ ಚೀಲದ ಬಾಯಿ ಕಟ್ಟಲು
ಒಳಗಿನ ಗಾಳಿ ಹೋಗಲೆಂದು ಎದೆಗವಚಿ ಒತ್ತಿದಳು,
ತಟ್ಟನೆ ನಿಂತಳು.
ಬೆರಳು ತಾನಾಗಿ ಬಾಯಿಗೆ ಹೋಯಿತು
ಮೀನು ಕೊಯ್ಯುವಾಗ ಮುಳ್ಳು ತಾಗಿದ ಹಾಗೆ.

‘ಎಂತದು?’
‘ಎಂತದೂ ಇಲ್ಲ ಬಾಯೋರೆ.’

ಈ ಎಂತದೂ ಇಲ್ಲ ನನಗೆ ಹಳೆಯ ಪರಿಚಯ.
ಚಕ್ರ ಮುರಿದ ಟ್ರಾಲಿ ಬಿಟ್ಟು
ರೋಗಿಯನ್ನು ಒಬ್ಬನೇ ಎತ್ತಿದ ವಿಠೋಬನ ಸೊಂಟಪಟ್ಟಿಗೂ ಇದೇ ಹೆಸರು.
ರಾತ್ರಿಪಾಳಿಯ ಫಿಲೋಮಿನಾ ಕೆನ್ನೆಯ ನೀಲಿ ಕಲೆಗೆ
ಬಾಗಿಲು ತಾಗಿತು ಅಂದಳಲ್ಲ, ಆ ಬಾಗಿಲಿಗೆ
ಐದು ಬೆರಳಿದ್ದವು.

ನಲ್ಲಿ ಬಿಟ್ಟೆ. ಸಾಬೂನು ಕೊಟ್ಟೆ.
ಹಿಂಡಬೇಡ, ಚೀಪಬೇಡ, ನೀರು ಹರಿಯಲಿ ಅಂದೆ.
‘ಬರೀಬ್ಯಾಡಿ’ ಅಂದಳು, ನೀರಿನ ಸದ್ದಿಗಿಂತ ಮೆಲ್ಲಗೆ,
‘ಹೆಸ್ರು ಬರೆದ್ರೆ ಗುತ್ತಿಗೆಯವ
ನಾಳೆಯಿಂದ ಬರೂದೇ ಬ್ಯಾಡ ಅಂತ.’

ಬಿಳಿ ಡಬ್ಬಿ ಮಂಗಳವಾರವೇ ಗೆರೆ ಮೀರಿ ತುಂಬಿತ್ತು.
ನಲವತ್ತೊಂದು ಹಾಸಿಗೆ, ಇಬ್ಬರು ನರ್ಸು.
ಯಾರದೋ ಅವಸರದ ಕೈಯಿಂದ ಸೂಜಿ
ಹತ್ತಿಯ ಮರೆಗೆ ಜಾರಿದೆ.
ಆ ಕೈ ನನ್ನದೂ ಇರಬಹುದು. ಬೆಳಗ್ಗೆ ಪಾಳಿ ನನ್ನದೇ.

ಎಂತ ಹೇಳಲಿ? ಕೇಳಿದ್ದು ಬೇರೆ:
ಹೋದ ವರ್ಷ ನಿನ್ನ ಗಂಡನ ಬಲೆ ಹರಿಯಿತಲ್ಲ, ಎಲ್ಲಿ?
ಒದ್ದೆ ಕೈಯಲ್ಲೇ ಗಾಳಿಯಲ್ಲಿ ಬರೆದು ತೋರಿಸಿದಳು.
ದೇವಗಡದ ದೀಪ ಇತ್ತ, ಬೈತಖೋಲ ಗುಡ್ಡದ ಮೂಗು ಅತ್ತ,
ನಡುವೆ ನೀರಡಿ ಬಂಡೆ, ಇಳಿತಕ್ಕೂ ತಲೆ ಎತ್ತೂದಿಲ್ಲ.
‘ಪುರ್ಸು ಬಂದವನೇ ಬಂದರಕ್ಕೆಲ್ಲ ಹೇಳ್ದ.’
ಹೇಳಿದನೆ? ಬಲೆ ಹರಕೊಂಡ ದಡ್ಡ ಅಂದರೆ?
‘ಅನ್ನಲಿ. ಹೇಳದಿದ್ರೆ ನಾಳೆ ಮತ್ತೊಬ್ಬನ...’
ಅಲ್ಲಿಗೇ ನಿಂತಳು.
ನಲ್ಲಿ ಹರಿಯುತ್ತಲೇ ಇತ್ತು.

ಪುಸ್ತಕ ಇಳಿಸಿದೆ, ಧೂಳು ಊದಿದೆ.
ಮೊದಲ ಸಾಲಿಗೆ ನನ್ನ ಹೆಸರು:
ಅಂಕೋಲೆ, ಹೆರಿಗೆ ಕೋಣೆ, ಎಡಗೈ ಹೆಬ್ಬೆರಳು,
ಹನ್ನೆರಡು ವರ್ಷದ ಹಿಂದಿನ ತಾರೀಕು.
ಆ ಆರು ತಿಂಗಳು ನನ್ನ ಲೋಟ ಬೇರೆ ಇಟ್ಟೆ,
ನೆಗಡಿ ಅಂತ ಮನೆಯಲ್ಲಿ ಹೇಳಿದೆ,
ಮಗುವಿಗೆ ತುತ್ತು ಕಡಿದು ಕೊಡಲಿಲ್ಲ.
ಯಾರಿಗೂ ಅನ್ನದ ಮಾತು. ಪೆನ್ನಿನ ಶಾಯಿ
ಎರಡು ಕಡೆ ಹಿಡಿಯಲಿಲ್ಲ, ತಿದ್ದಿ ಬರೆದೆ.

ಕೆಳಗೆ ಅವಳು, ಸಾಲೆಯ ಗುಂಡಕ್ಷರದಲ್ಲಿ:
ಶೇವಂತಿ ಪುರ್ಸು ಹರಿಕಂತ್ರ. ಬಲಗೈ, ನಡುಬೆರಳು.
ಯಾರ ರಕ್ತ? ಗೊತ್ತಿಲ್ಲ.
ಎರಡು ಗಂಟೆಯೊಳಗೆ ಮೊದಲ ಮಾತ್ರೆ.

ಇಪ್ಪತ್ತೆಂಟು ದಿನ ನುಂಗಿದಳು.
ಬಂಗಡೆಯ ವಾಸನೆಗೇ ವಾಂತಿ ಬಂತಂತೆ,
‘ಮೀನಿನವ್ಳಿಗೆ ಮೀನು ಹೇಸಿಗೆ ಆಯ್ತಲ್ರಾ’ ಅಂತ
ನಕ್ಕಳು, ಒರೆಸಿಕೊಂಡಳು.
ಗುತ್ತಿಗೆದಾರ ಬಂದ. ಪುಟ ತಿರುವಿದ.
ಮೇಲಿನ ಹೆಸರು ಕಂಡು ಕೆಮ್ಮಿದ, ಹೋದ.
ವಿಠೋಬ ಬಂದು ಸೊಂಟ ಬರೆಸಿದ,
ಸೂಜಿಯ ಪುಸ್ತಕದಲ್ಲಿ ಸೊಂಟಕ್ಕೆ ಅಂಕಣವಿಲ್ಲ,
ಅಂಚಿನಲ್ಲಿ ಬರೆದೆ.
ಫಿಲೋಮಿನಾ ಇನ್ನೂ ಬಂದಿಲ್ಲ.

ಈ ತಿಂಗಳ ಮೀಟಿಂಗಿಗೆ ಲೆಕ್ಕ ಹತ್ತೊಂಬತ್ತು.
ಚಪ್ಪಾಳೆ ಇಲ್ಲ. ಬಿಸ್ಕಿಟು ಹಾಗೇ ಮೆತ್ತಗಾಯಿತು.
‘ಒಮ್ಮೆಲೇ ಇಷ್ಟು ಹೇಗೆ ಏರಿತು, ಸಿಸ್ಟರ್?’
ಏರಲಿಲ್ಲ ಸಾರ್, ಇಳಿತ, ಅಂದೆ.
ಅವರು ಘಟ್ಟದ ಮೇಲಿನವರು, ತಿಳಿಯಲಿಲ್ಲ.
ಬಾಗಿಲ ಬಳಿ ಚಹಾ ಹಿಡಿದು ನಿಂತ ಶೇವಂತಿ
ಸೆರಗಿನಿಂದ ಬಾಯಿ ಮುಚ್ಚಿದಳು.

ಹೊಸ ಬಿಳಿ ಡಬ್ಬಿ ಗುರುವಾರ ಬಂತು. ಒಂದೇ ಬಂತು.
ಚೀಲಗಳನ್ನು ಅವಳೀಗ ಕೊರಳು ಹಿಡಿದು
ಮೈಯಿಂದ ಮೊಳ ದೂರ ಒಯ್ಯುತ್ತಾಳೆ,
ಜೀವವಿರುವ ಏಡಿಯ ಹಾಗೆ.

ಮೂರನೇ ತಿಂಗಳ ರಕ್ತಪರೀಕ್ಷೆ ಬರುವ ಸೋಮವಾರ.
ಆ ಜಾಗ ಖಾಲಿ ಬಿಟ್ಟಿದ್ದೇನೆ.